ಸಿಮ್ಶಿಯನ್ ಜನ, ಸ್ಮ್‌ಅಲ್ಗ್ಯಖ್ ನುಡಿ: ಕನ್ನಡದಲ್ಲಿ ಬರೆಯುವಾಗ ಹೆಸರು, ಉಚ್ಚಾರ, ಎಣಿಕೆಯ ಗೊಂದಲ

ಪುಟಗಟ್ಟು (ಪ್ರಶ್ನೆ)

ಕನ್ನಡದ ಆನ್‌ಲೈನ್ ವಿಶ್ವಕೋಶಕ್ಕೆ ಸಿಮ್ಶಿಯನ್ ಜನರ ಬಗ್ಗೆ ಲೇಖನವೊಂದು ತಯಾರಾಗುತ್ತಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವಾಯವ್ಯ ಕರಾವಳಿ, ಸ್ಕೀನಾ ನದಿ ಸಮುದ್ರ ಸೇರುವ ಕಡೆ, ಪ್ರಿನ್ಸ್ ರೂಪರ್ಟ್ ಊರಿನ ಆಸುಪಾಸು: ಇಲ್ಲಿಯವರೆಗೆ ತೊಂದರೆ ಇಲ್ಲ. ಮುಂದೆ ಎಲ್ಲವೂ ಕಗ್ಗಂಟು.

ಒಂದು, ಹೆಸರು. ಕರಡಿನಲ್ಲಿ ಒಬ್ಬರು ‘ಟ್ಸಿಮ್ಶಿಯಾನ್’ ಎಂದಿದ್ದಾರೆ, ಇನ್ನೊಬ್ಬರು ‘ತ್ಸಿಂಷಿಯನ್’. ಅವರ ಭಾಷೆಯ ಹೆಸರು ಒಂದು ಕಡೆ ‘ಸ್ಮಾಲ್ಗ್ಯಾಕ್ಸ್’, ಇನ್ನೊಂದು ಕಡೆ ‘ಸ್ಮಲ್ಜ್ಯಾಕ್ಸ್’. ಯಾವುದು ಸರಿ? ಎರಡು, ನಿಸ್ಗಾ ಮತ್ತು ಗಿತ್ಖ್‌ಸನ್ ಜನರನ್ನು ಕೆಲವು ಪುಸ್ತಕಗಳು ಸಿಮ್ಶಿಯನ್ನರೊಳಗೇ ಸೇರಿಸುತ್ತವೆ, ಕೆಲವು ಇಲ್ಲ. ಮೂರು, ಅಡಿಗೆರೆ ಎಳೆದ ಅಕ್ಷರ, ಮೇಲುಕೊಂಬಿನ ಗುರುತು (ಇಂಗ್ಲಿಷಿನ ಅಪಾಸ್ಟ್ರಫಿ), ಅಡ್ಡಗೀಟಿನ ‘ಎಲ್’: ಇವನ್ನೆಲ್ಲ ಕನ್ನಡ ಲಿಪಿಗೆ ಇಳಿಸುವುದು ಹೇಗೆ? ನಾಲ್ಕು, ಮೆಟ್ಲಕಾಟ್ಲ ಅಲಾಸ್ಕಾದಲ್ಲೂ ಇದೆ, ಕೆನಡಾದಲ್ಲೂ ಇದೆ. ಲೆಗೈಕ್ ಎಂಬ ನಾಯಕ 1830ರ ದಶಕದಲ್ಲೂ ಇದ್ದಾನೆ, 1860ರ ದಶಕದಲ್ಲೂ ಇದ್ದಾನೆ. ಒಬ್ಬನೇ ಮನುಷ್ಯನೇ?

ಬಲ್ಲವರು ಬಿಡಿಸಿ ಹೇಳಿ. ಸಾಮಾನ್ಯ ಪರಿಚಯ ಬೇಡ, ಲೇಖನದಲ್ಲಿ ಹಾಗೇ ಹಾಕಬಹುದಾದ ವಿವರ ಬೇಕು.

---

ನುಡಿಗಂಟು

ಹೆಸರಿನಿಂದಲೇ ಶುರುಮಾಡೋಣ. ಇಂಗ್ಲಿಷಿನವರು ಬರೆಯುವಾಗ ಮೊದಲಲ್ಲಿ ‘ಟಿ’ ಹಾಕುತ್ತಾರೆ, ಓದುವಾಗ ನುಂಗುತ್ತಾರೆ. ಆದ್ದರಿಂದ ಇಂಗ್ಲಿಷ್ ರೂಪವನ್ನೇ ಹಿಡಿಯುವುದಾದರೆ ‘ಸಿಮ್ಶಿಯನ್’. ಆ ಜನ ತಮ್ಮನ್ನು ಕರೆದುಕೊಳ್ಳುವುದು ‘ತ್ಸ್‌ಮ್‌ಸ್ಯೆನ್’ ಎಂದು. ‘ತ್ಸ್‌ಮ್’ ಎಂದರೆ ಒಳಗೆ. ಉಳಿದ ಭಾಗ ‘ಕ್ಸ್ಯೆನ್’, ಅಂದರೆ ಸ್ಕೀನಾ ನದಿ. ಸ್ಕೀನಾದ ಒಳಗಿನವರು ಎಂದರ್ಥ. ‘ಸ್ಕೀನಾ’ ಎಂಬುದೂ ಇದೇ ನದಿಹೆಸರನ್ನು ಇಂಗ್ಲಿಷ್ ನಾಲಿಗೆ ತಿರುಚಿದ ರೂಪ. ಶೀರ್ಷಿಕೆಗೆ ‘ಸಿಮ್ಶಿಯನ್’, ಮೊದಲ ವಾಕ್ಯದಲ್ಲಿ ‘ತ್ಸ್‌ಮ್‌ಸ್ಯೆನ್’, ಇಷ್ಟು ಸಾಕು.

ಭಾಷೆಯ ಹೆಸರು ‘ಸ್ಮ್‌ಅಲ್ಗ್ಯಖ್’. ‘ಸ್ಮ್’ ಎಂದರೆ ನಿಜವಾದ, ‘ಅಲ್ಗ್ಯಖ್’ ಎಂದರೆ ನುಡಿ. ನಡುವೆ ಗಂಟಲು ಒಮ್ಮೆ ಮುಚ್ಚಿ ತೆರೆಯುತ್ತದೆ, ಹಾಗಾಗಿ ‘ಸ್ಮಾ’ ಎಂದು ಕೂಡಿಸಿದರೆ ಪದ ಒಡೆಯುವ ಜಾಗವೇ ಮಾಯವಾಗುತ್ತದೆ. ಕೊನೆಯ ಅಕ್ಷರ ಇಂಗ್ಲಿಷಿನ ‘ಎಕ್ಸ್’ ಆದರೂ ‘ಕ್ಸ್’ ಅಲ್ಲ. ಉರ್ದುವಿನ ‘ಖಬರ್’ ಪದದ ಖ ಇದೆಯಲ್ಲ, ಗಂಟಲಲ್ಲಿ ಉಜ್ಜಿಕೊಂಡು ಬರುವುದು, ಅದಕ್ಕಿಂತ ಇನ್ನೂ ಒಂದಿಷ್ಟು ಹಿಂದೆ. ‘ಸ್ಮಾಲ್ಗ್ಯಾಕ್ಸ್’ ಎಂದು ಬರೆದವರು ಇಂಗ್ಲಿಷ್ ಅಕ್ಷರ ಓದಿದ್ದಾರೆ, ಪದ ಓದಿಲ್ಲ.

ಕುಟುಂಬದ ವಿಷಯ. ಸಿಮ್ಶಿಯಾನಿಕ್ ಎಂಬ ಚಿಕ್ಕ ಭಾಷಾಕುಟುಂಬದಲ್ಲಿ ಎರಡು ಕವಲು. ಒಳನಾಡಿನದರಲ್ಲಿ ನಾಸ್ ನದಿಯ ನಿಸ್ಗಾ, ಸ್ಕೀನಾದ ಮೇಲ್ಭಾಗದ ಗಿತ್ಖ್‌ಸನ್. ಇವೆರಡೂ ಒಬ್ಬರದು ಇನ್ನೊಬ್ಬರಿಗೆ ತಿಳಿಯುವಷ್ಟು ಹತ್ತಿರ. ಕಡಲ ಕವಲಿನಲ್ಲಿ ಸ್ಮ್‌ಅಲ್ಗ್ಯಖ್, ಮತ್ತು ದಕ್ಷಿಣಕ್ಕೆ ಕ್ಲೆಮ್ಟು ಊರಿನಲ್ಲಿದ್ದ ಸ್ಗೂಖ್ಸ್. ಸ್ಗೂಖ್ಸ್‌ನ ಕೊನೆಯ ಭಾಷಿಕರು 2013ರಲ್ಲಿ ತೀರಿಕೊಂಡರು. ಬೋವಾಸ್, ಬಾರ್ಬೋ ಎಂಬ ಹಳೆಯ ಮಾನವಶಾಸ್ತ್ರಜ್ಞರ ಕಾಲದ ಬರಹಗಳಲ್ಲಿ ‘ಸಿಮ್ಶಿಯನ್’ ಎಂದರೆ ಇಡೀ ಕುಟುಂಬ. ಇವತ್ತು ನಿಸ್ಗಾ, ಗಿತ್ಖ್‌ಸನ್ ಬೇರೆ ಬೇರೆ ರಾಷ್ಟ್ರಗಳು. ಕೆನಡಾ ಸರ್ಕಾರದ ಜೊತೆ ನಿಸ್ಗಾದವರು ಮಾಡಿಕೊಂಡ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಅದನ್ನು ಸಿಮ್ಶಿಯನ್ ಒಪ್ಪಂದ ಎಂದು ಬರೆದರೆ ಎರಡೂ ಕಡೆಯವರಿಗೆ ತಪ್ಪು. ಹಳೆಯ ಪುಸ್ತಕದಿಂದ ಏನೇ ಎತ್ತಿಕೊಂಡರೂ ಅದು ಯಾವ ಊರಿನಲ್ಲಿ ಬರೆದುಕೊಂಡದ್ದು ಎಂದು ನೋಡಿಯೇ ಹಾಕಬೇಕು.

ಇನ್ನು ಧ್ವನಿಗಳು. ಕನ್ನಡದವರು ಎಡವುವ ಜಾಗಗಳನ್ನಷ್ಟೇ ಹೇಳುತ್ತೇನೆ.

*ಅಡ್ಡಗೀಟಿನ ಎಲ್.* ಇದನ್ನು ಳ ಎಂದು ಬರೆಯುವ ಚಾಳಿ ಇದೆ. ಹಳಗನ್ನಡದ ೞ ಎಳೆದು ತಂದವರೂ ಇದ್ದಾರೆ. ಎರಡೂ ಅಲ್ಲ. ನಾಲಿಗೆಯ ತುದಿಯನ್ನು ಲ ಹೇಳುವ ಜಾಗದಲ್ಲೇ ಒತ್ತಿ ಹಿಡಿಯಿರಿ, ದನಿ ನಿಲ್ಲಿಸಿ, ನಾಲಿಗೆಯ ಪಕ್ಕಗಳಿಂದ ಬರೀ ಉಸಿರು ಬಿಡಿ. ಬುಸುಗುಟ್ಟುವ ಹಾವಿನ ಥರ ಕೇಳಿಸುತ್ತದೆ. ಕನ್ನಡದಲ್ಲಿ ‘ಹ್ಲ’ ಎಂದು ಬರೆದರೆ ಹತ್ತಿರ ಬರುತ್ತದೆ.

*ಬಲಕ್ಕೆ ಮೇಲುಕೊಂಬು ಇರುವ ತ, ಪ, ಕ, ತ್ಸ.* ಇವನ್ನು ಮಹಾಪ್ರಾಣ ಎಂದುಕೊಂಡು ಥ, ಫ, ಖ ಬರೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮಹಾಪ್ರಾಣದಲ್ಲಿ ಎದೆಯ ಉಸಿರು ಹೆಚ್ಚಾಗಿ ಹೊರಗೆ ಬರುತ್ತದೆ. ಇಲ್ಲಿ ಎದೆಯ ಉಸಿರು ಬರುವುದೇ ಇಲ್ಲ. ಹೀಗೆ ಮಾಡಿ ನೋಡಿ: ಭಾರ ಎತ್ತುವಾಗ ಉಸಿರು ಕಟ್ಟುತ್ತೀರಲ್ಲ, ಹಾಗೆ ಗಂಟಲು ಮುಚ್ಚಿ. ಮುಚ್ಚಿಕೊಂಡೇ ತ್ ಹೇಳಿ. ‘ಟಪ್’ ಎಂದು ಸಿಡಿದಂತೆ ಬರುತ್ತದೆ. ಆಮೇಲೆ ಗಂಟಲು ಬಿಟ್ಟು ಸ್ವರ ಹೇಳಿ. ಬಾಯಿಯ ಮುಂದೆ ಅಂಗೈ ಹಿಡಿದರೆ ಥ ಹೇಳುವಾಗ ಬಿಸಿ ಗಾಳಿ ಬಡಿಯುತ್ತದೆ, ಇದಕ್ಕೆ ಬಡಿಯುವುದಿಲ್ಲ. ಗಾಳಿ ತಾಗಿದರೆ ಗಂಟಲು ಬೇಗ ತೆರೆದಿದೆ ಎಂದು ಲೆಕ್ಕ.

*ಎಡಕ್ಕೆ ಮೇಲುಕೊಂಬು ಇರುವ ಮ, ನ, ಲ, ವ, ಯ.* ಇಲ್ಲಿ ಗಂಟಲು ಬಿಗಿದು ಆಮೇಲೆ ಆ ಧ್ವನಿ. ಗಂಡಸಿಗೆ ‘ಯೂತ’ ಎನ್ನುವ ಪದ ಇಂಥದು. ಮೇಲುಕೊಂಬು ಅಕ್ಷರದ ಬಲಕ್ಕಿದೆಯೋ ಎಡಕ್ಕಿದೆಯೋ ಎಂಬುದರ ಮೇಲೆ ಎಲ್ಲ ನಿಂತಿದೆ, ಮತ್ತು ಕಂಪ್ಯೂಟರಿನ ತಾನೇ-ತಿದ್ದುವ ಸೌಲಭ್ಯ ಅದನ್ನು ಉದ್ಧರಣ ಚಿಹ್ನೆ ಎಂದು ಭಾವಿಸಿ ತಿರುಗಿಸಿಬಿಡುತ್ತದೆ.

*ಅಡಿಗೆರೆಯ ಗ, ಕ.* ನಾಲಿಗೆಯ ಬುಡ ಕಿರುನಾಲಿಗೆಗೆ ತಾಗಿ ಹುಟ್ಟುವವು. ಅರಬ್ಬಿಯ ‘ಕ಼ುರಾನ್’ ಪದದ ಮೊದಲ ಅಕ್ಷರ ನೆನೆಸಿಕೊಳ್ಳಿ. ಜಾಲತಾಣದಿಂದ ನಕಲು ಮಾಡಿ ಅಂಟಿಸಿದಾಗ ಈ ಅಡಿಗೆರೆ ಬಿದ್ದುಹೋಗಿ ಮಾಮೂಲಿ ಗ ಉಳಿಯುತ್ತದೆ. ಅಂಟಿಸಿದ ಮೇಲೆ ಒಂದೊಂದೇ ಪದ ಮೂಲಕ್ಕೆ ಹೋಲಿಸಿ ನೋಡದೆ ಬೇರೆ ದಾರಿ ಇಲ್ಲ.

*ಎರಡು ಚುಕ್ಕಿಯ ಯು.* ಜರ್ಮನ್ ಓದಿದವರು ಇದನ್ನು ಜರ್ಮನ್ನಿನಂತೆ ತುಟಿ ಚೂಪು ಮಾಡಿ ಹೇಳುತ್ತಾರೆ. ತದ್ವಿರುದ್ಧ. ಉ ಹೇಳುವ ಜಾಗದಲ್ಲಿ ನಾಲಿಗೆ ಇಟ್ಟು ತುಟಿ ಅಗಲಿಸಬೇಕು. ತುಳು, ಕೊಡವ ಬಲ್ಲವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ: ತುಳುವಿನಲ್ಲಿ ‘ನೀರ್’ ಎನ್ನುವಾಗ ಕೊನೆಗೆ ಬರುವ ಅರೆ-ಉಕಾರ ಇದರ ಗಿಡ್ಡ ರೂಪ. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ, ಊ ಎಂದೇ ಬರೆದು ಉಚ್ಚಾರದ ಭಾಗದಲ್ಲಿ ಒಂದು ಮಾತು ಸೇರಿಸಿ.

ಒಂದು ಅನುಕೂಲವೂ ಇದೆ. ಸ್ವರದ ಹ್ರಸ್ವ ದೀರ್ಘ ಈ ನುಡಿಯಲ್ಲಿ ಅರ್ಥ ಬದಲಿಸುತ್ತದೆ, ಮತ್ತು ಬರವಣಿಗೆಯಲ್ಲಿ ಒಂಟಿ ಅಕ್ಷರ ಹ್ರಸ್ವ, ಜೋಡಿ ಅಕ್ಷರ ದೀರ್ಘ. ಕನ್ನಡಕ್ಕೆ ಇದು ಅಂಗೈ ನೆಲ್ಲಿಕಾಯಿ. ಇಂಗ್ಲಿಷ್ ಪತ್ರಿಕೆಗಳ ಉಚ್ಚಾರ ಕೇಳಿ ಅಂದಾಜಿನಲ್ಲಿ ದೀರ್ಘ ಹಾಕಬೇಡಿ. ‘ಗ್ಯಾಖ್’ ಅಲ್ಲ, ‘ಗ್ಯಖ್’.

---

ಹೊಳೆಸಾಲು

ನುಡಿಗಂಟು ಅವರು ಭಾಷೆ ಹೇಳಿದ್ದಾರೆ, ನಾನು ನಾಲ್ಕನೇ ಪ್ರಶ್ನೆಗೆ ಬರುತ್ತೇನೆ.

ಮೆಟ್ಲಕಾಟ್ಲ ಎರಡು. ಹಳೆಯದು ಪ್ರಿನ್ಸ್ ರೂಪರ್ಟ್ ಪಕ್ಕ. ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿ 1831ರಲ್ಲಿ ನಾಸ್ ನದಿಯ ಬಾಯಲ್ಲಿ ಕಟ್ಟಿದ ಸಿಂಪ್ಸನ್ ಕೋಟೆಯನ್ನು 1834ರಲ್ಲಿ ಈಗಿನ ಲಖ್ ಕ್ವಲಾಮ್ಸ್ ಇರುವ ಕಡೆ ತಂದಿತು. ಕೆಳಸ್ಕೀನಾದ ಒಂಬತ್ತು ಬುಡಕಟ್ಟುಗಳು ಅದರ ಸುತ್ತ ನೆಲೆನಿಂತವು. ಆಂಗ್ಲಿಕನ್ ಸಭೆಯ ಧರ್ಮಪ್ರಚಾರಕ ವಿಲಿಯಂ ಡಂಕನ್ 1857ರಲ್ಲಿ ಅಲ್ಲಿಗೆ ಬಂದು, ಮೊದಲು ಭಾಷೆ ಕಲಿತು, 1862ರಲ್ಲಿ ಒಂದಿಷ್ಟು ಜನರನ್ನು ಕರೆದುಕೊಂಡು ಮೆಟ್ಲಕಾಟ್ಲಕ್ಕೆ ಹೋದ. ಅದೇ ವರ್ಷ ಕರಾವಳಿಯುದ್ದಕ್ಕೂ ಸಿಡುಬು. ಆಮೇಲೆ ಡಂಕನ್‌ಗೂ ಬಿಷಪ್ ರಿಡ್ಲಿಗೂ ಜಟಾಪಟಿಯಾಗಿ, 1887ರಲ್ಲಿ ಸುಮಾರು 800 ಮಂದಿ ಡಂಕನ್ ಜೊತೆ ಅಲಾಸ್ಕಾದ ಆನೆಟ್ ದ್ವೀಪಕ್ಕೆ ದಾಟಿದರು. ಅದು ಹೊಸ ಮೆಟ್ಲಕಾಟ್ಲ. 1891ರಲ್ಲಿ ಅಮೆರಿಕದ ಕಾಂಗ್ರೆಸ್ ಆ ದ್ವೀಪಗಳನ್ನು ಮೀಸಲು ಪ್ರದೇಶ ಮಾಡಿತು. ಲೇಖನದಲ್ಲಿ 1887ಕ್ಕಿಂತ ಹಿಂದಿನ ಯಾವ ಘಟನೆಗೂ ಅಲಾಸ್ಕಾದ ನಕ್ಷೆ ಅಂಟಿಸಬೇಡಿ.

ಊರ ಹೆಸರುಗಳಲ್ಲಿ ಎರಡು ತುಣುಕು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ‘ಲಖ್’ ಎಂದರೆ ಮೇಲೆ. ಲಖ್ ಕ್ವಲಾಮ್ಸ್ ಎಂದರೆ ಕಾಡುಗುಲಾಬಿಯ ತಾಣ. ‘ಗಿತ್’ ಎಂದರೆ ಇಂಥಲ್ಲಿನ ಜನ: ಗಿತ್ಖಾಲ, ಗಿತ್ಗಅತ್. ಸರ್ಕಾರಿ ಇಂಗ್ಲಿಷಿನಲ್ಲಿ ಇದೇ ತುಣುಕು ‘ಕಿಟ್’ ಆಗಿದೆ: ಕಿಟ್ಕಾಟ್ಲ, ಕಿಟ್ಸೆಲಾಸ್, ಕಿಟ್ಸುಮ್ಕೇಲಮ್. ಗಿತ್ಖಾಲ, ಕಿಟ್ಕಾಟ್ಲ ಎರಡನ್ನೂ ಪಟ್ಟಿಯಲ್ಲಿ ಹಾಕಿದರೆ ಒಂದೇ ಊರು ಎರಡು ಸಲ ಬಂದಂತೆ.

ಲೆಗೈಕ್ ಒಬ್ಬ ಮನುಷ್ಯನಲ್ಲ, ಒಂದು ಹೆಸರು. ಗಿಸ್ಪಖ್ಲೊಓತ್ಸ್ ಬುಡಕಟ್ಟಿನ ಮುಖ್ಯ ನಾಯಕನ ಹೆಸರು ಅದು, ‘ಲಿಗೇಖ್’ ಎಂಬುದು ಮೂಲಕ್ಕೆ ಹತ್ತಿರ. ಹಡ್ಸನ್ಸ್ ಬೇ ಕಂಪನಿಯ ವೈದ್ಯನಿಗೆ ಮಗಳನ್ನು ಕೊಟ್ಟ ಲೆಗೈಕ್ ಬೇರೆ, ಡಂಕನ್ ಕಾಲದಲ್ಲಿ ಕ್ರೈಸ್ತನಾಗಿ ಪೌಲ್ ಎನಿಸಿಕೊಂಡ ಲೆಗೈಕ್ ಬೇರೆ. ಹೆಸರು ಹೊತ್ತವನು ಸತ್ತಾಗ ಔತಣ ಕರೆದು, ಸಾಕ್ಷಿಗಳಿಗೆ ಉಡುಗೊರೆ ಕೊಟ್ಟು, ಮುಂದಿನವನು ಅದನ್ನು ಹೊರುತ್ತಾನೆ. ಮುಂದಿನವನು ಮಗನಲ್ಲ, ಸಾಮಾನ್ಯವಾಗಿ ಅಕ್ಕತಂಗಿಯ ಮಗ.

ಇದನ್ನು ತುಳುನಾಡಿನ ಅಳಿಯಸಂತಾನದ ಪಕ್ಕ ಇಟ್ಟು ವಿವರಿಸಿದರೆ ಕನ್ನಡ ಓದುಗರಿಗೆ ಬೇಗ ಹತ್ತುತ್ತದೆ. ತಾಯಿಯ ಕಡೆಯಿಂದ ಕುಲ, ಒಂದೇ ಬಳಿಯಲ್ಲಿ ಮದುವೆ ನಿಷೇಧ, ಮಾವನಿಂದ ಅಳಿಯನಿಗೆ ಹಕ್ಕು, ಎಲ್ಲ ಇದೆ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಿಸಿ. ಅಲ್ಲಿ ಆಸ್ತಿ ಎಂದರೆ ಗದ್ದೆ ಮನೆಗಿಂತ ಮುಖ್ಯವಾಗಿ ಹೆಸರು, ಲಾಂಛನ, ಹಾಡು, ಮೀನು ಹಿಡಿಯುವ ತಾಣ, ಇವೆಲ್ಲಕ್ಕೂ ಹಕ್ಕುಪತ್ರವಿದ್ದಂತೆ ಇರುವ ‘ಅದಾವ್ಖ್’. ಅದಾವ್ಖನ್ನು ನಿಮ್ಮ ಕರಡಿನಲ್ಲಿ ‘ಜಾನಪದ ಕಥೆ’ ಎಂದಿದ್ದರೆ ತೆಗೆದುಬಿಡಿ. ಅದು ಒಂದು ಮನೆತನದ ಸ್ವಂತ ಚರಿತ್ರೆ. ಯಾರು ಬೇಕಾದರೂ ಹೇಳುವಂತಿಲ್ಲ. ಯಾರು ಬೇಕಾದರೂ ಹೇಳಬಹುದಾದ ಕಥೆಗೆ ಅವರಲ್ಲಿ ಬೇರೆ ಪದವಿದೆ. ಪಕ್ಕದ ಗಿತ್ಖ್‌ಸನ್ನರ ಇಂಥದೇ ಮೌಖಿಕ ಚರಿತ್ರೆಗಳು ನೆಲದ ಹಕ್ಕಿಗಾಗಿ ಹೂಡಿದ ಡೆಲ್ಗಮೂಕ್ ಮೊಕದ್ದಮೆಯಲ್ಲಿ ಸಾಕ್ಷ್ಯವಾದವು. ಇಂಥ ಸಾಕ್ಷ್ಯಕ್ಕೆ ತಕ್ಕ ತೂಕ ಕೊಡಲೇಬೇಕೆಂದು 1997ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೇಳಿತು.

‘ಮನೆ’ಗೆ ‘ವಾಪ್’. ಕಟ್ಟಡವೂ ಅದೇ, ಆ ಮನೆತನವೂ ಅದೇ, ನಮ್ಮ ‘ಮನೆ’ಯಂತೆಯೇ. ಮನೆಗಳ ಮೇಲೆ ನಾಲ್ಕು ಕುಲ, ‘ಪ್ದೇಖ್’: ಗನ್ಹದ (ಕಾಗೆಜಾತಿಯ ದೊಡ್ಡ ಹಕ್ಕಿ ರೇವನ್), ಲಖ್‌ಸ್ಗೀಕ್ (ಹದ್ದು), ಲಖ್‌ಗಿಬೂ (ತೋಳ), ಗಿಸ್ಪ್ವುದ್ವದ (ಕೊಲೆಗಾರ ತಿಮಿಂಗಿಲ). ಲಖ್‌ಗಿಬೂವಿನಲ್ಲಿ ‘ಗಿಬೂ’ ಎಂದರೆ ತೋಳ, ಮುಂದಿನ ‘ಲಖ್’ ಊರ ಹೆಸರಲ್ಲಿ ಕಂಡದ್ದೇ. ಬುಡಕಟ್ಟು ಬೇರೆ, ಕುಲ ಬೇರೆ ಎಂಬುದನ್ನು ಮರೆಯಬೇಡಿ. ಒಂದು ಬುಡಕಟ್ಟಿನಲ್ಲಿ ಹಲವು ಕುಲದವರು ಇರುತ್ತಾರೆ, ಒಂದು ಕುಲದವರು ಹಲವು ಬುಡಕಟ್ಟುಗಳಲ್ಲಿ ಹರಡಿರುತ್ತಾರೆ.

ಕೆತ್ತಿದ ಕಂಬಗಳ ಚಿತ್ರದಡಿ ‘ಪೂಜಿಸುವ ಕಂಬ’ ಎಂದು ಬರೆಯುವ ರೂಢಿ ಕನ್ನಡದಲ್ಲಿದೆ. ಅವು ಪೂಜೆಗಲ್ಲ. ಮನೆತನದ ಲಾಂಛನವನ್ನು, ಸತ್ತ ನಾಯಕನ ಸ್ಮರಣೆಯನ್ನು, ಪಡೆದ ಹಕ್ಕನ್ನು ಎಲ್ಲರ ಮುಂದೆ ಸಾರುವುದಕ್ಕೆ. ಹೋಲಿಸಲೇಬೇಕಾದರೆ ಗರುಡಗಂಬದ ಬದಲು ವೀರಗಲ್ಲಿಗೋ ದಾನಶಾಸನಕ್ಕೋ ಹೋಲಿಸಿ. ಹೆಸರು ಹೊರುವಾಗ ಕರೆಯುವಂಥ ಔತಣಕ್ಕೆ ಇಂಗ್ಲಿಷಿನವರು ಹೇಳುವ ‘ಪಾಟ್ಲಾಚ್’ ಪದವೂ ಸಿಮ್ಶಿಯನ್ ಅಲ್ಲ, ಚಿನೂಕ್ ವ್ಯಾಪಾರಿ ನುಡಿಯಿಂದ ಬಂದದ್ದು. ಆ ಔತಣಗಳ ಮೇಲಿನ ಕೆನಡಾದ ನಿಷೇಧ 1885ರಿಂದ 1951ರವರೆಗೆ; ಅಲಾಸ್ಕಾಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ.

---

ಪುಟಗಟ್ಟು

ಇಬ್ಬರಿಗೂ ಧನ್ಯವಾದ. ‘ಜಾನಪದ ಕಥೆ’ ಇತ್ತು, ತೆಗೆದಾಯಿತು. ಕಂಬದ ಅಡಿಬರಹವೂ ನೀವು ಹೇಳಿದಂತೆಯೇ ಇತ್ತು!

ಇನ್ನೊಂದು. ಈ ನುಡಿಯಲ್ಲಿ ಏನು ಎಣಿಸುತ್ತೇವೆ ಎಂಬುದರ ಮೇಲೆ ಅಂಕಿಯ ಹೆಸರೇ ಬದಲಾಗುತ್ತದೆ ಎಂದು ಹಳೆಯ ಗಣಿತ ಪುಸ್ತಕಗಳು ಒಂದು ಪಟ್ಟಿ ಕೊಡುತ್ತವೆ. ‘ಕ್ಕ್ಟೋನ್ಕ್’ ಎಂದೆಲ್ಲ ಓದಲಾಗದ ಪದಗಳಿವೆ. ನಂಬಬಹುದೇ?

---

ಅಂಚೆಪೆಟ್ಟಿಗೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮಲ್ಲೂ ಒಂದು ಕಲ್ಲು, ಒಬ್ಬ ಮನುಷ್ಯ ಎಂದು ಬೇರೆ ಬೇರೆ ಇದೆಯಲ್ಲ. ಹ್ರಸ್ವ ದೀರ್ಘವೂ ಕೂಡುತ್ತದೆ, ತುಳುವಿನ ಸ್ವರವೂ ಕೂಡುತ್ತದೆ. ದ್ರಾವಿಡಕ್ಕೂ ಇದಕ್ಕೂ ಹಳೆಯ ನಂಟು ಇದ್ದಿರಬಹುದಲ್ಲವೇ?

---

ನುಡಿಗಂಟು

ಅಂಚೆಪೆಟ್ಟಿಗೆ ಅವರೇ, ಇಲ್ಲ. ಮನುಷ್ಯರಿಗೆ ಬೇರೆ ಎಣಿಕೆ ಇರುವ, ಸ್ವರಕ್ಕೆ ಹ್ರಸ್ವ ದೀರ್ಘ ಇರುವ ಭಾಷೆಗಳು ಲೋಕದ ತುಂಬ ಇವೆ. ನಂಟು ತೋರಿಸಲು ಮೂಲಪದಗಳು ಹೊಂದಬೇಕು, ಧ್ವನಿ ಬದಲಾವಣೆ ನಿಯಮಬದ್ಧವಾಗಿರಬೇಕು. ಸಿಮ್ಶಿಯಾನಿಕ್ ಅನ್ನು ಕ್ಯಾಲಿಫೋರ್ನಿಯಾ, ಆರೆಗಾನ್ ಕಡೆಯ ಭಾಷೆಗಳ ಜೊತೆ ‘ಪೆನೂಟಿಯನ್’ ಎಂಬ ದೊಡ್ಡ ಕುಟುಂಬಕ್ಕೆ ಸೇರಿಸಲು ಭಾಷಾಶಾಸ್ತ್ರಜ್ಞ ಸಪೀರ್ 1921ರಲ್ಲಿ ಹೊರಟರು. ಪಕ್ಕದ ಕರಾವಳಿಯ ಆ ನಂಟೇ ಇನ್ನೂ ಸಾಬೀತಾಗಿಲ್ಲ.

ಪುಟಗಟ್ಟು, ಪಟ್ಟಿ ನಿಜ. ಅದು ಬೋವಾಸ್ 19ನೇ ಶತಮಾನದ ಕೊನೆಯಲ್ಲಿ ಕೊಟ್ಟದ್ದು, ಗಣಿತದ ಪುಸ್ತಕಗಳು ಅಲ್ಲಿಂದ ಎತ್ತಿಕೊಂಡವು. ಓದಲಾಗದಿರುವುದಕ್ಕೆ ಕಾರಣ ಅವರ ಆಗಿನ ಅಕ್ಷರಪದ್ಧತಿ: ಅದರಲ್ಲಿ ‘ಸಿ’ ಎಂದರೆ ಶ, ‘ಕ್ಯೂ’ ಎಂದರೆ ಗಂಟಲಿನ ಖ. ನೀವು ‘ಕ್ಕ್ಟೋನ್ಕ್’ ಎಂದು ಓದಿದ್ದು ‘ಕ್ಶ್ತೋನ್ಶ್’. ಇವತ್ತಿನ ಬರವಣಿಗೆಯಲ್ಲಿ ‘ಕ್ಸ್ತೂನ್ಸ್’, ಐದು. ಹಳೆಯ ಪದ್ಧತಿಯ ಒಂದು ಪದ, ಹೊಸ ಪದ್ಧತಿಯ ಒಂದು ಪದ ಹೀಗೆ ಬೆರೆಸಿದರೆ ಪಟ್ಟಿ ಕೆಟ್ಟಿತು ಎಂದೇ ಅರ್ಥ, ಒಂದನ್ನೇ ಹಿಡಿಯಿರಿ.

ಆ ಪಟ್ಟಿಯಲ್ಲಿ ಏಳು ಸಾಲು: ಸುಮ್ಮನೆ ಎಣಿಸಲು, ಚಪ್ಪಟೆ ವಸ್ತುವಿಗೆ (ಪ್ರಾಣಿಗಳೂ ಇದರಲ್ಲೇ), ಗುಂಡಗಿನ ವಸ್ತುವಿಗೆ (ಕಾಲದ ಅಳತೆಯೂ ಇದರಲ್ಲೇ), ಮನುಷ್ಯರಿಗೆ, ಉದ್ದನೆಯ ವಸ್ತುವಿಗೆ, ದೋಣಿಗೆ, ಅಳತೆಗೆ. ಒಂದು, ಎರಡು, ಮೂರು ಮಾತ್ರ ಹಳೆಯ ಬರಹದಿಂದ ಇಳಿಸಿದರೆ ಹೀಗೆ:

ಸುಮ್ಮನೆ ಎಣಿಕೆ: ಗ್ಯಕ್, ತೆಪ್ಖತ್, ಗುಅಂತ್
ಗುಂಡು: ಗೆರೆಲ್, ಗೊಉಪೆಲ್, ಗುತ್ಲೆ
ಮನುಷ್ಯರು: ಕಲ್, ತೆಪ್ಖದಲ್, ಗುಲಲ್
ಉದ್ದನೆಯದು: ಕವುತ್ಸ್ಕನ್, ಗಓಪ್ಸ್ಕನ್, ಗಲ್ತ್ಸ್ಕನ್

ಬರೀ ಪಟ್ಟಿ ಹಾಕಿ ಬಿಡಬೇಡಿ, ಒಳಗಿನ ಕಟ್ಟು ತೋರಿಸಿ. ಮನುಷ್ಯರ ಸಾಲಿನಲ್ಲೆಲ್ಲ ಕೊನೆಗೆ ‘ಅಲ್’ ಇದೆ. ನಾಲ್ಕಕ್ಕೆ ‘ತ್ಖಲ್ಪ್ಖ್’ ಆದರೆ ನಾಲ್ವರಿಗೆ ‘ತ್ಖಲ್ಪ್ಖ್‌ದಲ್’. ಉದ್ದನೆಯ ಸಾಲಿನ ಕೊನೆಯ ‘ಕನ್’ ಮರ ಅಥವಾ ಕೋಲು ಎಂಬ ಪದ, ಇವತ್ತಿನ ‘ಗನ್’. ಅಂದರೆ ‘ಮೂರುಕೋಲು’ ಎಂದಂತೆ. ಅಳತೆಯ ಸಾಲಿನಲ್ಲಿ ಕೈ ಎಂಬ ಪದ ಅಡಗಿದೆ, ನಮ್ಮ ಗೇಣು ಮೊಳಗಳ ಹಾಗೆ ಮೈಯಿಂದಲೇ ಹುಟ್ಟಿದ ಅಳತೆ. ನಾಲ್ಕು ಎಂಬುದು ಸುಮ್ಮನೆ ಎಣಿಕೆ, ಚಪ್ಪಟೆ, ಗುಂಡು ಮೂರರಲ್ಲೂ ಒಂದೇ. ಏಳು ಸಾಲೂ ಪೂರ್ತಿ ಬೇರೆ ಎಂದು ಬರೆದರೆ ಅದು ಉತ್ಪ್ರೇಕ್ಷೆ.

ಕನ್ನಡದ ಹೋಲಿಕೆ ಒಂದೇ ಸಾಲಿನಲ್ಲಿ ಕೊಡಬಹುದು: ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು ಆದಮೇಲೆ ನಾವು ಆಡುಮಾತಿನಲ್ಲಿ ಸುಸ್ತಾಗಿ ‘ಆರು ಜನ’ ಎನ್ನುತ್ತೇವೆ. ಅಲ್ಲಿ ಹತ್ತು ಮಂದಿಗೂ ಬೇರೆಯೇ ಪದವಿದೆ, ‘ಕ್ಪಲ್’.

---

ತಿದ್ದುಗೋಲು

ವ್ಯಾಕರಣದ ಭಾಗಕ್ಕೆ ಒಂದು ಎಚ್ಚರಿಕೆ, ಏಕೆಂದರೆ ಪದಪಟ್ಟಿಗಳಲ್ಲಿ ಈ ತಪ್ಪು ಪದೇ ಪದೇ ಕಾಣುತ್ತದೆ. ಈ ವಾಕ್ಯ ನೋಡಿ:

ಯಗ್ವತ್ ಹೂಮ್ದ ದೂಸ ಹೋನ್.

ಬೆಕ್ಕು ಮೀನನ್ನು ಮೂಸುತ್ತಿದೆ. ಕ್ರಿಯೆ ಮೊದಲು, ಆಮೇಲೆ ಮಾಡುವವರು, ಕೊನೆಗೆ ಕರ್ಮ. ನಮ್ಮದಕ್ಕೆ ಹೆಚ್ಚುಕಡಿಮೆ ತಲೆಕೆಳಗು. ‘ಯಗ್ವ’ ಈಗ ನಡೆಯುತ್ತಿದೆ ಎನ್ನಲು, ‘ಹೂಮ್’ ಮೂಸು, ‘ದೂಸ್’ ಬೆಕ್ಕು, ‘ಹೋನ್’ ಮೀನು. ಹಾಗಾದರೆ ‘ಹೂಮ್ದ’ದಲ್ಲಿರುವ ‘ದ’, ‘ದೂಸ’ದಲ್ಲಿರುವ ‘ಅ’ ಏನು? ಅವು ಜೋಡುತುಣುಕುಗಳು. ಉಚ್ಚಾರದಲ್ಲಿ ಹಿಂದಿನ ಪದಕ್ಕೆ ಅಂಟಿಕೊಂಡಿದ್ದರೂ ಸೇರಿರುವುದು ಮುಂದಿನ ಪದಕ್ಕೆ. ‘ದ’ ಬೆಕ್ಕಿನದು, ಮಾಡುವವರು ಎಂದು ತೋರಿಸುತ್ತದೆ. ‘ಅ’ ಮೀನಿನದು. ಕನ್ನಡದ ವಿಭಕ್ತಿ ತನ್ನ ನಾಮಪದದ ಬಾಲಕ್ಕೇ ಅಂಟುವುದರಿಂದ ನಾವು ಕಣ್ಣುಮುಚ್ಚಿ ‘ದೂಸ = ಬೆಕ್ಕು’ ಎಂದು ಬರೆದುಬಿಡುತ್ತೇವೆ. ಬೆಕ್ಕು ‘ದೂಸ್’ ಮಾತ್ರ. ವಾಕ್ಯದಿಂದ ಪದ ಕೀಳುವಾಗ ಬಾಲ ಕತ್ತರಿಸಿ, ಕತ್ತರಿಸಿದ್ದನ್ನು ಮುಂದಿನ ಪದದ ಲೆಕ್ಕಕ್ಕೆ ಬರೆಯಿರಿ.

ಇನ್ನೊಂದು ವಾಕ್ಯ: ‘ನಹ್ ಸೀಪ್ಗ ಹನಅ’, ಹೆಂಗಸಿಗೆ ಕಾಯಿಲೆಯಾಗಿತ್ತು. ಇಲ್ಲಿ ಹೆಂಗಸಿನ ಮುಂದೆ ಬಂದದ್ದೂ ‘ಅ’, ಅಂದರೆ ಮೀನಿಗೆ ಬಂದದ್ದೇ. ಬೆಕ್ಕಿಗೆ ಬಂದ ‘ದ’ ಅಲ್ಲ. ಕರ್ಮವಿಲ್ಲದ ವಾಕ್ಯದ ಕರ್ತೃವೂ, ಕರ್ಮವಿರುವ ವಾಕ್ಯದ ಕರ್ಮವೂ ಒಂದೇ ಗುರುತು ಹೊರುತ್ತವೆ. ಹಿಂದಿಯ ‘ನೇ’ ಬಲ್ಲವರಿಗೆ ಈ ಜಾಡು ಪರಿಚಿತ. ಮನುಷ್ಯರ ಅಂಕಿತನಾಮ ಬಂದರೆ ಜೋಡುತುಣುಕು ಬೇರೆಯಾಗುತ್ತದೆ, ‘ಸ್’ ಅಥವಾ ‘ತ್’ ಸೇರುತ್ತದೆ. ಇಷ್ಟೆಲ್ಲ ಅಚ್ಚುಕಟ್ಟು ಕಾಣುವುದು ಕಥನದ, ಬರಹದ ಭಾಷೆಯಲ್ಲಿ. ದಿನದ ಮಾತಿನಲ್ಲಿ ಬಹಳಷ್ಟು ಕಡೆ ಬರೀ ‘ಅ’ ಉಳಿಯುತ್ತದೆ.

‘ಸೀಪ್ಗ’ ಎಂದೆನಲ್ಲ, ಅದರ ಮೂಲ ‘ಸೀಪ್ಕ್’. ಸ್ವರ ಬಂದಾಗ ಕ್ ಹೋಗಿ ಗ್ ಆಯಿತು. ‘ವಾಪ್’ ಮನೆ, ‘ವಾಬು’ ನನ್ನ ಮನೆ. ಇದನ್ನು ಅಕ್ಷರದೋಷ ಎಂದು ತಿದ್ದಬೇಡಿ. ಕ್ರಿಯಾಪದಗಳಲ್ಲೂ ಒಂದು ಮಜಾ ಇದೆ: ಒಬ್ಬರು ಕೂತರೆ ‘ತ್’ಆ’, ಹಲವರು ಕೂತರೆ ‘ವನ್’. ಪ್ರತ್ಯಯ ಬದಲಾದದ್ದಲ್ಲ, ಧಾತುವೇ ಬೇರೆ.

---

ಪುಟಗಟ್ಟು

ಬಾಲ ಕತ್ತರಿಸದ ಪದಗಳು ನಮ್ಮ ಪಟ್ಟಿಯಲ್ಲಿ ಎಂಟು ಸಿಕ್ಕವು. ಕೊನೆಯ ಸಂದೇಹ: ಆಹಾರದ ಭಾಗದಲ್ಲಿ ‘ಊಲಿಕನ್ ಮೀನೆಣ್ಣೆ’ ಎಂದಿದೆ. ಒಬ್ಬರು ಅದನ್ನು ‘ಔಷಧಕ್ಕೆ ಬಳಸುವ ಮೀನಿನ ಯಕೃತ್ತಿನ ಎಣ್ಣೆ’ ಎಂದು ವಿಸ್ತರಿಸಿದ್ದಾರೆ. ಸರಿಯೇ?

---

ಹೊಳೆಸಾಲು

ತಪ್ಪು. ಕನ್ನಡದಲ್ಲಿ ಮೀನೆಣ್ಣೆ ಎಂದ ಕೂಡಲೇ ಒಂದೋ ಅಂಗಡಿಯ ಗುಳಿಗೆ ನೆನಪಾಗುತ್ತದೆ, ಇಲ್ಲವೇ ದೋಣಿಗೆ ಬಳಿಯುವ ಬೂತಾಯಿ ಎಣ್ಣೆ. ಇದು ಎರಡೂ ಅಲ್ಲ, ಊಟಕ್ಕೆ ಹಾಕಿಕೊಳ್ಳುವ ಕೊಬ್ಬು. ತಣ್ಣಗಾದಾಗ ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ‘ಊಲಿಕನ್ ಕೊಬ್ಬು’ ಎಂದು ಬರೆದು ತುಪ್ಪದ ಹೋಲಿಕೆ ಕೊಡಿ. ಒಣಮೀನು, ಆಲೂಗಡ್ಡೆ, ಕಾಡುಹಣ್ಣು ಎಲ್ಲಕ್ಕೂ ಜೊತೆಯಾಗುತ್ತದೆ, ಹಣ್ಣನ್ನು ಕೆಡದಂತೆ ಅದರಲ್ಲೇ ಮುಳುಗಿಸಿಡುವುದೂ ಉಂಟು.

ಮೀನು ಹೆಚ್ಚುಕಡಿಮೆ ಒಂದು ಗೇಣು. ಚಳಿಗಾಲದ ಕೊನೆಗೆ, ಫೆಬ್ರವರಿ ಮಾರ್ಚ್ ಹೊತ್ತಿಗೆ, ಸಮುದ್ರದಿಂದ ನಾಸ್ ನದಿಗೆ ಮೊಟ್ಟೆಯಿಡಲು ಹಿಂಡುಹಿಂಡಾಗಿ ಏರುತ್ತದೆ. ಒಣಗಿಸಿ ಬೆಂಕಿ ತಾಗಿಸಿದರೆ ಉರಿಯುವಷ್ಟು ಕೊಬ್ಬು, ಅದಕ್ಕೇ ಇಂಗ್ಲಿಷಿನಲ್ಲಿ ಮೋಂಬತ್ತಿ ಮೀನು ಎಂಬ ಹೆಸರೂ ಇದೆ.

ತೆಗೆಯುವ ಕ್ರಮ: ಹಿಡಿದ ಮೀನನ್ನು ಹೊಟ್ಟೆ ಸೀಳದೆ ಗುಂಡಿಯಲ್ಲೋ ಮರದ ದೊಡ್ಡ ಪೆಟ್ಟಿಗೆಯಲ್ಲೋ ಒಂದರಿಂದ ಎರಡು ವಾರ ಕಳಿಯಲು ಬಿಡುತ್ತಾರೆ. ಚಳಿ ಹೆಚ್ಚಿದ್ದರೆ ದಿನ ಹೆಚ್ಚು. ಹಸಿ ಮೀನನ್ನೇ ಬೇಯಿಸಿದರೆ ಮಾಂಸ ಕೊಬ್ಬನ್ನು ಬಿಟ್ಟುಕೊಡುವುದಿಲ್ಲ; ಅತಿಯಾಗಿ ಕಳಿತರೆ ಬಣ್ಣ ಕಪ್ಪಾಗಿ ನಾತ ಕಟುವಾಗುತ್ತದೆ. ಆಮೇಲೆ ದೊಡ್ಡ ತೊಟ್ಟಿಯಲ್ಲಿ ನೀರು ಕಾಯಿಸಿ ಮೀನು ಸುರಿಯುತ್ತಾರೆ. ನೀರು ಕೊತಕೊತ ಕುದಿಯಬಾರದು. ಕುದಿದರೆ ಮಾಂಸ ಪುಡಿಯಾಗಿ ಕೊಬ್ಬಿನೊಳಗೆ ಬೆರೆತು ಕದಡುತ್ತದೆ, ಮತ್ತೆ ತಿಳಿಯಾಗಿಸುವುದು ಕಷ್ಟ. ಮೆಲ್ಲಗೆ ಕೈಯಾಡಿಸಿ ಮೀನು ಒಡೆದು, ಬಿಟ್ಟರೆ ಕೊಬ್ಬು ಮೇಲೆ ತೇಲುತ್ತದೆ. ಅದನ್ನು ಕೆನೆಯಂತೆ ತೆಗೆದು, ಸೋಸಿ, ಇನ್ನೊಮ್ಮೆ ಕಾಯಿಸಿ ಉಳಿದ ನೀರು ಹೋಗಲಾಡಿಸುತ್ತಾರೆ. ಬೆಣ್ಣೆ ಕಾಯಿಸುವವರಿಗೆ ಈ ಕೊನೆಯ ಹಂತದ ಕಾರಣ ಹೇಳಬೇಕಾಗಿಲ್ಲ: ನೀರುಳಿದ ಕೊಬ್ಬು ಬೇಗ ಕಮಟುತ್ತದೆ.

ಒಳನಾಡಿನವರಿಗೆ ಇದು ದೊಡ್ಡ ವ್ಯಾಪಾರದ ಸರಕು. ಬಾಗಿಸಿದ ದೇವದಾರು ಹಲಗೆಯ ಪೆಟ್ಟಿಗೆಗಳಲ್ಲಿ ತುಂಬಿ ಬೆನ್ನ ಮೇಲೆ ಹೊತ್ತು ಸಾಗಿಸಿದ ದಾರಿಗಳಿಗೆ ‘ಕೊಬ್ಬಿನ ಹಾದಿ’ ಎಂದೇ ಹೆಸರು. (ಇಲ್ಲಿ ದೇವದಾರು ಎಂದದ್ದು ಸೀಡರ್‌ಗೆ ಕನ್ನಡದಲ್ಲಿ ರೂಢಿಯಾದ ಪದ. ಆ ಕರಾವಳಿಯ ಕೆಂಪು ಸೀಡರ್ ಹಿಮಾಲಯದ ದೇವದಾರುವಿನ ಜಾತಿಯೇ ಅಲ್ಲ. ಲೇಖನದಲ್ಲಿ ‘ಕೆಂಪು ಸೀಡರ್’ ಎಂದೇ ಹಾಕಿ.)

---

ಪುಟಗಟ್ಟು

ಮೊದಲ ಪ್ಯಾರಾ ಹೀಗೆ ನಿಂತಿದೆ, ನೋಡಿ:

“ಸಿಮ್ಶಿಯನ್ (ಸ್ವಂತ ಹೆಸರು ತ್ಸ್‌ಮ್‌ಸ್ಯೆನ್) ಜನರು ಕೆನಡಾದ ಬ್ರಿಟಿಷ್ ಕೊಲಂಬಿಯಾದ ವಾಯವ್ಯ ಕರಾವಳಿಯ ಮೂಲನಿವಾಸಿಗಳು. 1887ರಿಂದ ಒಂದು ಭಾಗ ಅಲಾಸ್ಕಾದ ಆನೆಟ್ ದ್ವೀಪದಲ್ಲಿದೆ. ಅವರ ನುಡಿ ಸ್ಮ್‌ಅಲ್ಗ್ಯಖ಼್. ತಾಯಿಯ ಕಡೆಯಿಂದ ಬರುವ ನಾಲ್ಕು ಬುಡಕಟ್ಟುಗಳಲ್ಲಿ ಜನ ಹಂಚಿಹೋಗಿದ್ದಾರೆ.”

---

ನುಡಿಗಂಟು

ಎರಡು ತಿದ್ದುಪಡಿ. ‘ನಾಲ್ಕು ಬುಡಕಟ್ಟು’ ಅಲ್ಲ, ನಾಲ್ಕು ಕುಲ. ಹೊಳೆಸಾಲು ಹೇಳಿದ್ದು ಅದನ್ನೇ. ಖ ಅಡಿಯ ನುಕ್ತೆಯನ್ನು (ಚುಕ್ಕಿಯನ್ನು) ಲೇಖನದ ಮೈಯಲ್ಲಿ ಬಿಟ್ಟುಬಿಡಿ. ಹಳೆಯ ಫಾಂಟ್‌ಗಳಲ್ಲಿ ಅದು ಅಕ್ಷರದಿಂದ ಜಾರಿ ಪಕ್ಕದಲ್ಲಿ ನಿಲ್ಲುತ್ತದೆ, ಹುಡುಕುವವರು ನುಕ್ತೆ ಇಲ್ಲದೆ ಟೈಪಿಸಿದರೆ ಪುಟ ಸಿಗುವುದೂ ಇಲ್ಲ. ನುಕ್ತೆ, ಮೇಲುಕೊಂಬು, ಎಲ್ಲವನ್ನೂ ಉಚ್ಚಾರದ ಭಾಗದಲ್ಲಿ ಒಮ್ಮೆ ಕೊಟ್ಟರೆ ಸಾಕು. ಮೇಲುಕೊಂಬನ್ನು ಕನ್ನಡದಲ್ಲಿ ವ್ಯಂಜನಕ್ಕೂ ಸ್ವರಚಿಹ್ನೆಗೂ ನಡುವೆ ತೂರಿಸಲು ಆಗುವುದಿಲ್ಲ. ತಿದ್ದುಗೋಲು ಮಾಡಿದಂತೆ ‘ತ್’ಆ’ ಎಂದು ಅರ್ಧಾಕ್ಷರ, ಕೊಂಬು, ಪೂರ್ಣಸ್ವರ ಬಿಡಿಸಿ ಬರೆಯಬೇಕು.

‘ಸ್ಮ್‌ಅಲ್ಗ್ಯಖ್’ ಟೈಪಿಸುವಾಗ ಮ್ ಆದಮೇಲೆ ಕಾಣದ ಬೇರ್ಪಡಿಸುವ ಚಿಹ್ನೆ (ZWNJ) ಹಾಕಿರಿ. ‘ತ್ಸ್‌ಮ್‌ಸ್ಯೆನ್’ನಲ್ಲಿ ಅದಿಲ್ಲದಿದ್ದರೆ ಸ್ ಮ್ ಸ್ ಯ ಎಲ್ಲ ಒಂದರಡಿ ಒಂದು ಒತ್ತಕ್ಷರವಾಗಿ ಮೆಟ್ಟಿಲು ಇಳಿಯುತ್ತವೆ.